1981ರ ವಿಜರ್ಡ್ರಿ ಇವತ್ತು ಆಡಿದ್ರೆ: ಮೊದಲ ಬಾಗಿಲಲ್ಲೇ ಪಾರ್ಟಿ ಯಾಕೆ ಸಾಯುತ್ತೆ?

ಮೆಟ್ಟಿಲಿಳಿದವ:
ಆರು ಪಾತ್ರಗಳ ತಂಡ (ಪಾರ್ಟಿ) ಕಟ್ಟಿ ನೆಲಮಾಳಿಗೆಗೆ ಇಳಿಯೋ ಕಂಪ್ಯೂಟರ್ ಗೇಮ್ ವಿಜರ್ಡ್ರಿ. ಆಡ್ತಿರೋದು ಮೊದಲ ಭಾಗ, ಆಪಲ್ 2 ಕಂಪ್ಯೂಟರಿನ ಆವೃತ್ತಿ, ಹಳೇ ಯಂತ್ರವನ್ನು ಅನುಕರಿಸೋ ಎಮ್ಯುಲೇಟರಲ್ಲಿ. ಪರದೆಯ ಮೂಲೆಯಲ್ಲಿ ಅಂಗೈಯಷ್ಟು ಕಿಟಕಿ, ಅದರೊಳಗೆ ಬರೀ ಗೆರೆಗಳ ಓಣಿ, ಉಳಿದದ್ದೆಲ್ಲ ಅಕ್ಷರ. ನಕ್ಷೆ ಇಲ್ಲ, ಸಂಗೀತ ಇಲ್ಲ, ಮುಂದೇನು ಅಂತ ಹೇಳೋರೂ ಇಲ್ಲ. ಹಾಗಿದ್ರೂ ಆ ಓಣಿಯಲ್ಲಿ ಒಂದು ಹೆಜ್ಜೆ ಮುಂದೆ ಇಡೋಕೆ ಎದೆ ಡವಡವ ಅನ್ನುತ್ತೆ. ಈಗಿನ ಯಾವ ಗೇಮಲ್ಲೂ ಈ ಭಯ ಸಿಗ್ತಿಲ್ಲ.

ಆದ್ರೆ ಮೊದಲ ಕೋಣೆಯ ಬಾಗಿಲು ಒದ್ದ ಕೂಡಲೇ ಪಾರ್ಟಿ ಮುಗೀತಾ ಇದೆ. ಈಗಿನ ಜೋಡಣೆ: ಇಬ್ಬರು ಫೈಟರ್ (ಕಾದಾಳು), ಇಬ್ಬರು ಕಳ್ಳರು, ಒಬ್ಬ ಪ್ರೀಸ್ಟ್ (ಪೂಜಾರಿ), ಒಬ್ಬ ಮೇಜ್ (ಮಾಂತ್ರಿಕ). ಜೋಡಣೆ ತಪ್ಪಾ, ಖರೀದಿ ತಪ್ಪಾ, ಅಥವಾ ಗೇಮೇ ಹೀಗಾ?

ಹಳೇಫ್ಲಾಪಿ:
ಮೊದಲನೇ ಪ್ರಶ್ನೆ: ಬೋಲ್ಟ್ಯಾಕ್ ಅಂಗಡಿಯಲ್ಲಿ ಕೊಂಡ ಮೇಲೆ ಸಾಮಾನು ತೊಡಿಸಿದ್ರಾ? ಕೊಂಡರೆ ಸಾಮಾನು ಚೀಲಕ್ಕೆ ಬೀಳುತ್ತೆ ಅಷ್ಟೆ. ಪಾತ್ರವನ್ನು ತೆರೆದು ಇ ಒತ್ತಿ ಆಯುಧ, ಗುರಾಣಿ, ಕವಚ ಒಂದೊಂದಾಗಿ ಆರಿಸಬೇಕು. ಇವತ್ತು ಹೊಸದಾಗಿ ಆಡೋರಲ್ಲಿ ಅರ್ಧ ಜನ ಬರಿಗೈಲಿ ಕೆಳಗಿಳಿಯೋದು ಇದೇ ಕಾರಣಕ್ಕೆ.

ಮೆಟ್ಟಿಲಿಳಿದವ:
ಫೈಟರ್‌ಗಳಿಗೆ ತೊಡಿಸಿದೆ, ಉಳಿದವರಿಗೆ ಇಲ್ಲ. ಎಸಿ (ಆರ್ಮರ್ ಕ್ಲಾಸ್, ರಕ್ಷಣೆಯ ಅಂಕ) 10 ಅಂತ ತೋರಿಸ್ತಿತ್ತು, 10 ಒಳ್ಳೇದೇ ಅಂದುಕೊಂಡಿದ್ದೆ.

ತುಂಗಾತೀರ:
10 ಅಂದ್ರೆ ಮೈಮೇಲೆ ಏನೂ ಇಲ್ಲ ಅಂತ. ಎಸಿ ಕಡಿಮೆ ಆದಷ್ಟೂ ಒಳ್ಳೇದು. ಸೊನ್ನೆ ದಾಟಿ ಕೆಳಗೂ ಹೋಗುತ್ತೆ.

ನಕ್ಷೆಗಾರ:
ಜೋಡಣೆಯಿಂದಲೇ ಶುರು ಮಾಡೋಣ, ಅಲ್ಲೇ ಅರ್ಧ ಸೋಲು ಇದೆ.

ಕೈಯಾರೆ ಹೊಡೆಯೋದು ಮುಂದಿನ ಮೂವರು ಮಾತ್ರ. ಹಿಂದಿನ ಮೂವರು ಆಯುಧ ಹಿಡಿದರೂ ಹೊಡೆಯೋಕಾಗಲ್ಲ, ಮಂತ್ರ ಮಾತ್ರ ಹಾಕಬಹುದು. ಹಾಗಾಗಿ ಇಬ್ಬರು ಕಳ್ಳರು ಅಂದ್ರೆ ಒಂದು ಜಾಗ ದಂಡ. ಮೂವರು ಫೈಟರ್ ಮುಂದೆ. ಹಿಂದೆ ಪ್ರೀಸ್ಟ್, ಕಳ್ಳ, ಮೇಜ್. ಕಳ್ಳನನ್ನು ಬಿಟ್ಟು ಇನ್ನೊಬ್ಬ ಮೇಜ್ ಇಟ್ಟುಕೊಂಡ್ರೂ ನಡೆಯುತ್ತೆ, ಆದ್ರೆ ಪೆಟ್ಟಿಗೆ ತೆರೆಯೋವಾಗ ಒದ್ದಾಟ.

ಕುಲ ಆರಿಸೋವಾಗ ಲೆಕ್ಕ ನೋಡಿ. ಫೈಟರ್‌ಗೆ ಶಕ್ತಿ 11 ಬೇಕು. ಮಾನವನಿಗೆ ಹುಟ್ಟಿನಲ್ಲೇ 8, ಕುಳ್ಳನಿಗೆ, ಅಂದ್ರೆ ಡ್ವಾರ್ಫ್‌ಗೆ, 10. ಹೆಚ್ಚುವರಿ ಅಂಕ ಸಾಮಾನ್ಯವಾಗಿ 10ರ ಒಳಗೇ ಬರೋದು. ಕುಳ್ಳನಾದ್ರೆ 1 ಅಂಕ ಶಕ್ತಿಗೆ ಹಾಕಿ, ಉಳಿದದ್ದರಲ್ಲಿ 6 ವೈಟಾಲಿಟಿಗೆ (ದೇಹದ ತ್ರಾಣಕ್ಕೆ) ಹಾಕಿದ್ರೆ ಅದು 16 ಆಗುತ್ತೆ. 16ರಿಂದ ಮೇಲೆ ಪ್ರತಿ ಲೆವೆಲ್ಲಿಗೂ ಪ್ರಾಣದ ಅಂಕ ಹೆಚ್ಚು ಸಿಗುತ್ತೆ. ಹಾಗೇ ಎಲ್ಫ್‌ಗೆ ಐಕ್ಯೂ 10, ಮೇಜ್ ಆಗೋಕೆ 1 ಸಾಕು. ನೋಮ್‌ಗೆ ಪೈಟಿ (ಭಕ್ತಿ) 10, ಪ್ರೀಸ್ಟ್ ಆಗೋಕೆ 1 ಸಾಕು. ಹಾಬಿಟ್‌ಗೆ ಅಜಿಲಿಟಿ (ಚುರುಕು) 10, ಕಳ್ಳ ಆಗೋಕೆ 1 ಸಾಕು. ಈ ನಾಲ್ಕು ಜೋಡಿ ನೆನಪಿದ್ರೆ ಅಂಕ ಪೋಲಾಗಲ್ಲ.

ಸ್ವಭಾವದಲ್ಲೂ ಒಂದು ಗಂಟಿದೆ. ಪ್ರೀಸ್ಟ್ ನ್ಯೂಟ್ರಲ್ ಆಗೋಹಾಗಿಲ್ಲ, ಕಳ್ಳ ಗುಡ್ ಆಗೋಹಾಗಿಲ್ಲ. ಗುಡ್ ಮತ್ತು ಈವಿಲ್ ಒಂದೇ ಪಾರ್ಟಿಗೆ ಗಿಲ್ಗಮೆಶ್ ಹೋಟೆಲಲ್ಲಿ ಸೇರಲ್ಲ. ಪ್ರೀಸ್ಟ್ ಗುಡ್, ಉಳಿದ ಐದೂ ಜನ ನ್ಯೂಟ್ರಲ್ ಇಟ್ಟರೆ ತಕರಾರಿಲ್ಲ.

ಬೆಳವಲ:
ನಕ್ಷೆಗಾರ್ರ ಹೇಳಿದ್ದು ಖರೇ ಐತ್ರಿ, ಆದ್ರ ಹೆಚ್ಚುವರಿ ಅಂಕದ್ದು ಇನ್ನೊಂದ್ ಮಾತು. ಅಪರೂಪಕ್ಕ 17 ದಾಟಿ ಬರ್ತಾವ. ಅಂಥದ್ದು ಬಂದಾಗ ಸುಮ್ನ ಫೈಟರ್ ಮಾಡಿ ಕಳಿಬ್ಯಾಡ್ರಿ, ಸಮುರಾಯ್ ಅನ್ನೂ ಮ್ಯಾಲಿನ ದರ್ಜೆ ಕಾದಾಳು ಮಾಡಬಹುದು. ಶಕ್ತಿ 15, ಐಕ್ಯೂ 11, ಪೈಟಿ 10, ವೈಟಾಲಿಟಿ 14, ಅಜಿಲಿಟಿ 10 ಬೇಕು. ಮಾನವನಿಗೆ ಲೆಕ್ಕ ಹಾಕಿದ್ರ 7+3+5+6+2, ಒಟ್ಟು 23 ಆಗ್ತದ, ಸಿಗೂದಿಲ್ಲ. ಕುಳ್ಳಗ 5+4+0+4+5, ಅಂದ್ರ 18. ಅದಕ್ಕ ಕುಳ್ಳನ್ನ ಆರಿಸ್ರಿ.

ಕರಾವಳಿ_ಕೀಬೋರ್ಡ್:
ಆ 18 ಬರುವವರೆಗೆ ಪಾತ್ರ ಹುಟ್ಟಿಸಿ ಅಳಿಸಿ, ಹುಟ್ಟಿಸಿ ಅಳಿಸಿ ಕೂರುವುದಾ ಮಾರಾಯ್ರೇ? ಹೊಸಬರಿಗೆ ಅದನ್ನು ಹೇಳಬೇಡಿ. ಮೊದಲ ನಾಲ್ಕು ಲೆವೆಲ್‌ಗೆ ಸಮುರಾಯ್ ಬೇಕಾಗಿಯೇ ಇಲ್ಲ. ಅವನು ಲೆವೆಲ್ 2 ಆಗುವುದಕ್ಕೆ 1250 ಅನುಭವ ಅಂಕ ಬೇಕು, ಫೈಟರ್‌ಗೆ 1000 ಸಾಕು.

ಹಳೇಫ್ಲಾಪಿ:
ಖರೀದಿ ಹೀಗೆ ಮಾಡಿ. ಒಬ್ಬೊಬ್ಬರ ಹತ್ರ ಸುಮಾರು 90ರಿಂದ 190ರ ಒಳಗೆ ಚಿನ್ನ ಇರುತ್ತೆ. ಪಾತ್ರದ ಪುಟದಲ್ಲಿ ಪೂಲ್ ಒತ್ತಿದ್ರೆ ಆರೂ ಜನರ ದುಡ್ಡು ಒಬ್ಬನ ಕೈಗೆ ಬರುತ್ತೆ. ಸರಾಸರಿ 140 ಅಂತ ಹಿಡಿದ್ರೂ 840.

ಮುಂದಿನ ಮೂವರಿಗೆ ಉದ್ದ ಕತ್ತಿ 25, ಸರಪಳಿ ಕವಚ 90, ದೊಡ್ಡ ಗುರಾಣಿ 40: ತಲಾ 155, ಒಟ್ಟು 465. ಇದರಿಂದ ಎಸಿ 10ರಿಂದ 4ಕ್ಕೆ ಇಳಿಯುತ್ತೆ. ಪ್ರೀಸ್ಟ್‌ಗೆ ಗದೆ 30, ಚರ್ಮದ ಕವಚ 50, ಸಣ್ಣ ಗುರಾಣಿ 20: ಒಟ್ಟು 100. ಕಳ್ಳನಿಗೆ ಗಿಡ್ಡ ಕತ್ತಿ 15, ಚರ್ಮ 50, ಸಣ್ಣ ಗುರಾಣಿ 20: ಒಟ್ಟು 85. ಮೇಜ್‌ಗೆ ನಿಲುವಂಗಿ 15, ಕಠಾರಿ 5. ಎಲ್ಲ ಸೇರಿ 670. ಉಳಿದದ್ದರಲ್ಲಿ ಮುಂದಿನ ಒಬ್ಬನಿಗೆ ಶಿರಸ್ತ್ರಾಣ 100.

ತುಂಗಾತೀರ:
ಹಿಂದಿನ ಸಾಲಿನವರು ಹೊಡೆಯೋದೇ ಇಲ್ಲ ಅಂದಮೇಲೆ ಅವರಿಗೆ ಗದೆ, ಕತ್ತಿ, ಕಠಾರಿ ಯಾಕೆ? 50 ಚಿನ್ನ ದಂಡ.

ಹಳೇಫ್ಲಾಪಿ:
ಮುಂದಿನವನೊಬ್ಬ ಸತ್ತರೆ ಹಿಂದಿನವನು ಅವನ ಜಾಗಕ್ಕೆ ಬರ್ತಾನೆ. ಆಗ ಪ್ರೀಸ್ಟ್ ಕೈಲಿ ಗದೆ ಇರಬೇಕು.

ತುಂಗಾತೀರ:
ಪ್ರೀಸ್ಟ್‌ದು ಒಪ್ಪಿದೆ. ಕಠಾರಿ ಹಿಡಿದು ಮೇಜ್ ಮುಂದಿನ ಸಾಲಿಗೆ ಬಂದ ಅಂದ್ರೆ ಆ ಹೊತ್ತಿಗೆ ಕಥೆ ಮುಗಿದಿರುತ್ತೆ. 3-4 ಪ್ರಾಣದ ಅಂಕ ಇಟ್ಟುಕೊಂಡು ಅವನು ಏನು ಮಾಡ್ತಾನೆ? ಆ 5 ಚಿನ್ನ ಉಳಿಸಿ.

ಕಡ್ಲೆಪುರಿ:
ಮೊದಲ ಕೋಣೆಯ ಜಗಳ ಗೆಲ್ಲೋಕೆ ಒಂದೇ ಶಬ್ದ: ಕಟೀನೋ. ನಿದ್ದೆ ಮಂತ್ರ. ಹೊಸ ಮೇಜ್‌ಗೆ ಹಲೀಟೋ, ಕಟೀನೋ ಎರಡೂ ಗೊತ್ತಿರುತ್ತೆ, ಎರಡು ಸಲ ಹಾಕೋ ಶಕ್ತಿ ಇರುತ್ತೆ. ಹಲೀಟೋ ಒಬ್ಬನಿಗೆ 1ರಿಂದ 8 ಏಟು ಕೊಡುತ್ತೆ ಅಷ್ಟೆ. ಕಟೀನೋ ಇಡೀ ಗುಂಪನ್ನು ಮಲಗಿಸುತ್ತೆ. ಮೊದಲ ಸುತ್ತಲ್ಲೇ ಹಾಕಿ, ಮಲಗಿದವರನ್ನು ಮುಂದಿನ ಮೂವರು ಕಡಿದು ಹಾಕಲಿ. ಎರಡೂ ಖರ್ಚಾದ ಕೂಡಲೇ ಮೇಲೆ ಬನ್ನಿ. ಇನ್ನೊಂದೇ ಕೋಣೆ ನೋಡ್ಬಿಡೋಣ ಅನ್ನಿಸುತ್ತೆ, ಆ ಆಸೆಯೇ ಪಾರ್ಟಿ ಕೊಲ್ಲೋದು.

ಬೆಳವಲ:
ಸತ್ತು ಎದ್ದು ಬಂದ ಕೋಬಾಲ್ಡ್‌ಗಳ ಮ್ಯಾಲೆ ಕಟೀನೋ ನಡಿಯೂದಿಲ್ರಿ. ಅವಕ್ಕ ಪ್ರೀಸ್ಟ್ ಡಿಸ್ಪೆಲ್, ಅಂದ್ರ ದೆವ್ವ ಓಡ್ಸೂದು, ಮಾಡಬೇಕು. ಮಂತ್ರದ ಶಕ್ತಿ ಖರ್ಚಾಗೂದಿಲ್ಲ. ಆದ್ರ ಡಿಸ್ಪೆಲ್ ಆದ ದೆವ್ವಕ್ಕ ಅನುಭವ ಅಂಕ ಸೊನ್ನೆ. ಜೀವ ಉಳಿಸ್ಕೊಳ್ಳಾಕ ಮಾತ್ರ ಬಳಸ್ರಿ.

ಮೆಟ್ಟಿಲಿಳಿದವ:
ಜೋಡಣೆ ಬದಲಾಯ್ತು, ಎಲ್ಲರಿಗೂ ತೊಡಿಸಿಯೂ ಆಯ್ತು, ಮೊದಲ ಕೋಣೆ ಗೆದ್ದಿತು! ಆದ್ರೆ ಈಗ ಮುಂದಿನ ಮೂವರೂ ಅರೆಜೀವ. ಛತ್ರದ ರಾಯಲ್ ಕೋಣೆಗೆ ವಾರಕ್ಕೆ 500 ಚಿನ್ನ ಕೇಳ್ತಾರೆ. ಕೈಲಿ 60 ಇದೆ.

ಕಡ್ಲೆಪುರಿ:
ಕುದುರೆ ಲಾಯ ಪುಕ್ಕಟೆ, ಅಲ್ಲಿ ಮಲಗಿಸಿ. ಪ್ರಾಣ ತುಂಬುತ್ತೆ.

ನಕ್ಷೆಗಾರ:
ಕಡ್ಲೆಪುರಿಯವರೇ, ಲಾಯದಲ್ಲಿ ಪ್ರಾಣದ ಅಂಕ ಒಂದೂ ಏರಲ್ಲ. ತುಂಬೋದು ಮಂತ್ರದ ಶಕ್ತಿ. ಆದ್ರೆ ಪುಕ್ಕಟೆ ಆಸ್ಪತ್ರೆ ಅಲ್ಲೇ ಅಡಗಿದೆ:

ಪ್ರೀಸ್ಟ್ ಒಬ್ಬನನ್ನೇ ಲಾಯದಲ್ಲಿ ಮಲಗಿಸಿ. ಆರೂ ಜನ ನೆಲಮಾಳಿಗೆಗೆ ಇಳಿಯಿರಿ. ಇಳಿದ ಜಾಗದಲ್ಲೇ, ಒಂದು ಹೆಜ್ಜೆಯೂ ಇಡದೆ, ಕ್ಯಾಂಪಲ್ಲಿ ವಾಸಿ ಮಾಡೋ ಮಂತ್ರ ಡಿಯೋಸ್ ಎರಡು ಸಲ ಹಾಕಿ. ಒಂದೊಂದಕ್ಕೆ 1ರಿಂದ 8 ವಾಸಿಯಾಗುತ್ತೆ. ಅದೇ ಮೆಟ್ಟಿಲಿಂದ ಮೇಲೆ ಬನ್ನಿ. ಮತ್ತೆ ಲಾಯ, ಮತ್ತೆ ಕೆಳಗೆ. ಒಂದು ಸುತ್ತಿಗೆ ಸರಾಸರಿ 9 ಅಂಕ. ನಾಲ್ಕೈದು ಸುತ್ತಿಗೆ ಎಲ್ಲರೂ ಗಟ್ಟಿ.

ದುಡ್ಡು ಕೊಟ್ಟು ಮಲಗೋದು ಯಾಕೆ ತಪ್ಪು ಅನ್ನೋದಕ್ಕೂ ಲೆಕ್ಕ ಇದೆ. 10 ಚಿನ್ನದ ಮಂಚದಲ್ಲಿ ವಾರಕ್ಕೆ 1 ಅಂಕ ವಾಸಿ. 50ರ ಕೋಣೆಯಲ್ಲಿ 3, 200ರದ್ದರಲ್ಲಿ 7, 500ರದ್ದರಲ್ಲಿ 10. ಅಂದ್ರೆ ರಾಯಲ್ ಕೋಣೆಯಲ್ಲಿ ಒಂದು ಅಂಕಕ್ಕೆ 50 ಚಿನ್ನ, ಮಂಚದಲ್ಲಿ 10. ಮಂಚ ಅಗ್ಗ, ಆದ್ರೆ ವಾರ ಉರುಳಿದ ಹಾಗೆ ಪಾತ್ರಕ್ಕೆ ವಯಸ್ಸಾಗುತ್ತೆ, ವಯಸ್ಸಾದಷ್ಟೂ ಲೆವೆಲ್ ಏರೋವಾಗ ಗುಣಗಳು ಕುಸಿಯೋ ಸಾಧ್ಯತೆ ಹೆಚ್ಚು. ಲಾಯದಲ್ಲಿ ವಯಸ್ಸೂ ಆಗಲ್ಲ.

ಕಡ್ಲೆಪುರಿ:
ಸರಿ, ತಿದ್ದುಪಡಿ ಒಪ್ಪಿದೆ. ಎರಡನ್ನೂ ಕಲಸಿಬಿಟ್ಟಿದ್ದೆ.

ಕರಾವಳಿ_ಕೀಬೋರ್ಡ್:
ಒಂದು ವಿಷಯ ಯಾರೂ ಹೇಳಲಿಲ್ಲ. ಲೆವೆಲ್ 1ರವನು ಸತ್ತರೆ ಕ್ಯಾಂಟ್ ದೇವಾಲಯದಲ್ಲಿ ಎಬ್ಬಿಸಲಿಕ್ಕೆ 250 ಚಿನ್ನ. ಲೆವೆಲ್ ಏರಿದ ಹಾಗೆ ಅದರ ಗುಣಾಕಾರ. ಎಬ್ಬಿಸುವುದು ಕೈಕೊಟ್ಟರೆ ಹೆಣ ಬೂದಿಯಾಗುತ್ತದೆ, ಬೂದಿಯನ್ನು ಎಬ್ಬಿಸುವುದೂ ಕೈಕೊಟ್ಟರೆ ಪಾತ್ರ ಪಟ್ಟಿಯಿಂದಲೇ ಮಾಯ. ಹಾಗಾಗಿ ಲೆವೆಲ್ 1, 2ರಲ್ಲಿ ಸತ್ತವನನ್ನು ಬಿಟ್ಟು ಹೊಸಬನನ್ನು ಹುಟ್ಟಿಸುವುದು ಲಾಭ, ಅವನು ಬರುವಾಗ ತೊಂಬತ್ತರ ಮೇಲೆ ದುಡ್ಡೂ ತರುತ್ತಾನೆ. ಪಟ್ಟಿಯಲ್ಲಿ 20 ಜನರಿಗೆ ಜಾಗ ಇದೆ, ಹಳಬರನ್ನು ಅಳಿಸುತ್ತಾ ಇರಿ.

ಆರನೇಸಾಲು:
ಇಷ್ಟೆಲ್ಲ ಕಷ್ಟ ಯಾಕೆ? ಎಮ್ಯುಲೇಟರಲ್ಲಿ ಸೇವ್ ಸ್ಟೇಟ್ ಇದೆ. ಬಾಗಿಲು ಒದೆಯೋ ಮುಂಚೆ ಒಂದು ಸೇವ್, ಸತ್ತರೆ ವಾಪಸ್. ಮುಗೀತು.

ತುಂಗಾತೀರ:
ಹಾಗೆ ಆಡಿದ್ರೆ ಈ ಗೇಮಲ್ಲಿ ಉಳಿಯೋದು ಗೆರೆ ಚಿತ್ರ ಮಾತ್ರ, ಗುರು. ಇಡೀ ಆಟ ನಿಂತಿರೋದು "ಇನ್ನೊಂದು ಕೋಣೆಗೆ ಹೋಗೋಣವೋ, ವಾಪಸ್ ಬರೋಣವೋ" ಅನ್ನೋ ಒಂದು ತೀರ್ಮಾನದ ಮೇಲೆ. ಏನೇ ಆದ್ರೂ ಗೇಮ್ ತಾನೇ ಫ್ಲಾಪಿಗೆ ಬರೆದುಬಿಡೋದು ಅದಕ್ಕೇ. ಪಾರ್ಟಿ ಪೂರ್ತಿ ಸತ್ತರೂ ಆಟ ಮುಗಿಯಲ್ಲ: ಹೆಣಗಳು ಸತ್ತ ಜಾಗದಲ್ಲೇ ಇರ್ತವೆ, ಇನ್ನೊಂದು ಪಾರ್ಟಿ ಕಟ್ಟಿ ಅಲ್ಲಿಗೆ ಹೋಗಿ ಐ ಒತ್ತಿ ಹುಡುಕಿ ಹೊತ್ತು ತರಬಹುದು. ಹೊತ್ತು ತರೋಕೆ ಪಾರ್ಟಿಯಲ್ಲಿ ಜಾಗ ಖಾಲಿ ಇರಬೇಕು, ಹಾಗಾಗಿ ಮೂವರು ಹೋದ್ರೆ ಮೂರು ಹೆಣ. ಇಂಥ ರಕ್ಷಣಾ ಯಾತ್ರೆ ಸೇವ್ ಸ್ಟೇಟ್ ಇಟ್ಟುಕೊಂಡವರಿಗೆ ಸಿಗೋದೇ ಇಲ್ಲ.

ಆರನೇಸಾಲು:
1981ರಲ್ಲೇ ಜನ ಡಿಸ್ಕ್ ಬರೆಯೋ ಮೊದಲೇ ಡ್ರೈವಿನ ಬಾಗಿಲು ತೆಗೆದು ಫ್ಲಾಪಿ ಎಳೀತಿದ್ರು. ಮೋಸ ಅವತ್ತಿಂದಲೇ ಇದೆ. ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಆಡೋರಿಗೆ 40 ಗಂಟೆಯ ಪಾರ್ಟಿ ಒಂದು ಕೆಟ್ಟ ಸುತ್ತಲ್ಲಿ ಹೋದ್ರೆ ಅವರು ಗೇಮ್ ಬಿಡ್ತಾರೆ, ರಕ್ಷಣಾ ಯಾತ್ರೆಗೆ ಹೋಗಲ್ಲ.

ಹಳೇಫ್ಲಾಪಿ:
ಇಬ್ಬರ ಮಾತಲ್ಲೂ ಹುರುಳಿದೆ. ನಡುವಿನ ದಾರಿ: ಊರಲ್ಲಿದ್ದಾಗ ಮಾತ್ರ ಡಿಸ್ಕ್ ಫೈಲಿನ ಪ್ರತಿ ಮಾಡಿಟ್ಟುಕೊಳ್ಳಿ, ವಾರಕ್ಕೊಂದು. ಕೋಣೆ ಕೋಣೆಗೂ ಸೇವ್ ಬೇಡ. ಡಿಸ್ಕ್ ಫೈಲ್ ರೀಡ್-ಓನ್ಲಿ ಆಗಿರದ ಹಾಗೆ ಮೊದಲೇ ನೋಡ್ಕೊಳ್ಳಿ, ಇಲ್ಲದಿದ್ರೆ ಪಾತ್ರಗಳು ಉಳಿಯೋದೇ ಇಲ್ಲ. ಆಟದ ಮಧ್ಯೆ ಎದ್ದು ಹೋಗಬೇಕಾದ್ರೆ ಎಮ್ಯುಲೇಟರ್ ಥಟ್ಟನೆ ಮುಚ್ಚಿದ್ರೆ ಪಾತ್ರಗಳ ಹೆಸರಿನ ಮುಂದೆ ಔಟ್ ಅಂತ ಬೀಳುತ್ತೆ. ಗಾಬರಿ ಬೇಡ, ಯುಟಿಲಿಟಿಸ್ ಮೆನುವಿನಿಂದ ಅದೇ ಪಾರ್ಟಿಯನ್ನು ಮತ್ತೆ ಶುರು ಮಾಡಬಹುದು.

ಕಡ್ಲೆಪುರಿ:
ಇದಕ್ಕಿಂತ 2024ರಲ್ಲಿ ಡಿಜಿಟಲ್ ಎಕ್ಲಿಪ್ಸ್‌ನವರು ತಂದ ಹೊಸ ರೂಪ ಆಡೋದು ವಾಸಿ ಅಲ್ವಾ? ಮೂಲ ಆಪಲ್ 2 ಕೋಡ್ ಒಳಗೆ ಓಡ್ತಾ ಇರುತ್ತೆ, ಬೇಕಾದ್ರೆ ಹಳೇ ಪರದೆಯನ್ನು ಮೂಲೆಯಲ್ಲಿ ನೋಡಬಹುದು. ನಕ್ಷೆ ತಾನೇ ಬಿಡಿಸಿಕೊಳ್ಳುತ್ತೆ.

ನಕ್ಷೆಗಾರ:
ಆಟ ಒಳ್ಳೇದೇ. ಆದ್ರೆ ನಕ್ಷೆ ತಾನೇ ಬಿಡಿಸಿಕೊಂಡ್ರೆ ನೆಲಮಾಳಿಗೆಯ ಅರ್ಧ ತಂತ್ರ ಸತ್ತುಹೋಗುತ್ತೆ. ಸೆಟ್ಟಿಂಗಿನಲ್ಲಿ ಹಳೇ ನಿಯಮಗಳಿಗೆ ಒಂದೊಂದಾಗಿ ಬದಲಿಸೋ ಅವಕಾಶ ಇದೆ, ಅದನ್ನು ನೋಡಿ.

ಕೈಯಲ್ಲೇ ಬಿಡಿಸೋರಿಗೆ: ಒಟ್ಟು 10 ಅಂತಸ್ತು, ಪ್ರತಿಯೊಂದೂ 20ಕ್ಕೆ 20 ಮನೆ. 1 ಮಿಲಿಮೀಟರಿನ ಗ್ರಾಫ್ ಹಾಳೆ ಬೇಡ, ಕಣ್ಣು ಹೋಗುತ್ತೆ. ಮಕ್ಕಳ ಲೆಕ್ಕದ ಚೌಕುಳಿ ಪುಸ್ತಕ ತಗೊಳ್ಳಿ. ಬಿಳಿ ಎ4 ಹಾಳೆಯಾದ್ರೆ 8 ಮಿಲಿಮೀಟರಿನ ಚೌಕ ಎಳೀರಿ, 20 ಚೌಕಕ್ಕೆ 16 ಸೆಂಟಿಮೀಟರ್, ಪಕ್ಕದಲ್ಲಿ ಟಿಪ್ಪಣಿಗೆ ಜಾಗ ಉಳಿಯುತ್ತೆ. ಕೆಳಗೆ ಮತ್ತು ಎಡಕ್ಕೆ 0ರಿಂದ 19 ಬರೆಯಿರಿ. 1 ಅಂತ ಶುರು ಮಾಡಬೇಡಿ, ಆಟ ಸೊನ್ನೆಯಿಂದ ಎಣಿಸುತ್ತೆ. ಮೊದಲ ಅಂತಸ್ತಿನ ಮೆಟ್ಟಿಲು ಎಡಗಡೆಯ ಕೆಳ ಮೂಲೆಯ ಮನೆ, ಮುಖ ಉತ್ತರಕ್ಕೆ.

ಗೋಡೆಯನ್ನು ಗೆರೆಯ ಮೇಲೆ ಎಳೀರಿ, ಮನೆಯನ್ನು ಕಪ್ಪು ಮಾಡಬೇಡಿ. ಇಲ್ಲಿ ಗೋಡೆಗೆ ದಪ್ಪ ಇಲ್ಲ. ಬಾಗಿಲಿಗೆ ಗೆರೆಯ ಮಧ್ಯೆ ಅಡ್ಡ ಗೀಟು. ಒಂದು ಕಡೆಯಿಂದ ಬಾಗಿಲು, ಇನ್ನೊಂದು ಕಡೆಯಿಂದ ಬರೀ ಗೋಡೆ ಇರೋದೂ ಉಂಟು, ಅದಕ್ಕೆ ಬಾಣದ ಗುರುತು. ಕೊನೆಗೆ ಅಂಚು: 0ರಿಂದ ಪಶ್ಚಿಮಕ್ಕೆ ಹೆಜ್ಜೆ ಇಟ್ಟರೆ 19ರಲ್ಲಿ ಇರ್ತೀರಿ. ನಕ್ಷೆ ಹಾಳೆ ಬಿಟ್ಟು ಹೊರಗೆ ಹೋಗ್ತಿದೆ ಅಂತ ಅನ್ನಿಸಿದ್ರೆ ಹಾಳೆ ತಪ್ಪಲ್ಲ, ಅಂತಸ್ತೇ ಸುತ್ತಿಕೊಂಡಿದೆ.

ಬೆಳವಲ:
ಪೆನ್ ಬ್ಯಾಡ, ಪೆನ್ಸಿಲ್.

ಆರನೇಸಾಲು:
ಡ್ಯೂಮಾಪಿಕ್ ಮಂತ್ರ ಇದೆಯಲ್ಲ, ಎಲ್ಲಿದ್ದೀವಿ ಅಂತ ಹೇಳುತ್ತೆ. ಲೆವೆಲ್ 1 ಮೇಜ್ ಕೈಲೇ ಇರುತ್ತೆ.

ಕಡ್ಲೆಪುರಿ:
ಮಂತ್ರ ಒಂದನೇ ವರ್ಗದ್ದು ಹೌದು, ಆದ್ರೆ ಹೊಸ ಮೇಜ್‌ಗೆ ಗೊತ್ತಿರಲ್ಲ. ಲೆವೆಲ್ ಏರಿದಾಗ ಐಕ್ಯೂ ನೋಡಿ ಕಲೀತಾನೆ, ಒಮ್ಮೊಮ್ಮೆ ಒಂದು ಲೆವೆಲ್ ತಡ ಆಗುತ್ತೆ. ಸಿಕ್ಕ ಮೇಲೂ ಒಂದನೇ ವರ್ಗದ ಶಕ್ತಿಯಲ್ಲೇ ಕಟೀನೋಗೂ ಪಾಲು ಕೊಡಬೇಕು. ಬಳಸಬೇಕಾದ ಜಾಗ: ದಾರಿ ನಕ್ಷೆಗೆ ಹೊಂದದೇ ಹೋದಾಗ, ಕತ್ತಲ ವಲಯದಿಂದ ಹೊರಗೆ ಬಂದಾಗ. ಟೆಲಿಪೋರ್ಟ್ ಆದ್ರೆ ಪರದೆ ಏನೂ ಹೇಳಲ್ಲ. ಸ್ಪಿನ್ನರ್ ಮನೆಯಲ್ಲಿ ಮುಖ ತಿರುಗಿದ್ರೂ ಹೇಳಲ್ಲ.

ಕರಾವಳಿ_ಕೀಬೋರ್ಡ್:
ಮಂತ್ರದ ಹೆಸರನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಬೇಕು ಎಂಬುದು ಇವತ್ತಿನವರಿಗೆ ಕಿರಿಕಿರಿ. ಆದರೆ ಹೆಸರುಗಳನ್ನು ಕಟ್ಟಿದ ರೀತಿ ನೋಡಿ. ಡಿಯೋಸ್ ವಾಸಿ ಮಾಡುತ್ತದೆ, ಅದರ ಮುಂದೆ "ಬಾ" ಸೇರಿದರೆ ಬಾಡಿಯೋಸ್, ಅದು ಗಾಯ ಮಾಡುತ್ತದೆ. ಹಲೀಟೋ ಸಣ್ಣ ಬೆಂಕಿ, ಮಾಹಲೀಟೋ ದೊಡ್ಡದು. ಮಿಲ್ವಾ ಸ್ವಲ್ಪ ಹೊತ್ತಿನ ಬೆಳಕು, ಲೋಮಿಲ್ವಾ ತುಂಬಾ ಹೊತ್ತಿನದು. ಉಪಸರ್ಗ ಹಚ್ಚಿ ಅರ್ಥ ತಿರುಗಿಸುವ ವ್ಯಾಕರಣವೇ ಇದೆ. ಹತ್ತು ಕಲಿತರೆ ಉಳಿದದ್ದು ಊಹೆಗೆ ಸಿಗುತ್ತದೆ.

ತುಂಗಾತೀರ:
ಹೆಸರಿನ ಮಾತು ಬಂತು ಅಂತ: ಆಟದ ಕಥೆಯ ಹುಚ್ಚು ಒಡೆಯ ಟ್ರೆಬರ್, ತಾಯಿತ ಕದ್ದ ಮಾಂತ್ರಿಕ ವರ್ಡ್ನಾ. ಇಂಗ್ಲಿಷಿನಲ್ಲಿ ಬರೆದು ಹಿಂದುಮುಂದು ಓದಿದ್ರೆ ರಾಬರ್ಟ್, ಆಂಡ್ರ್ಯೂ. ಮಾಡಿದವರು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ರಾಬರ್ಟ್ ವುಡ್‌ಹೆಡ್ ಮತ್ತು ಆಂಡ್ರ್ಯೂ ಗ್ರೀನ್‌ಬರ್ಗ್. ಗ್ರೀನ್‌ಬರ್ಗ್ 2024ರಲ್ಲಿ ತೀರಿಕೊಂಡರು, ಹೊಸ ರೂಪ ಬಂದ ವರ್ಷವೇ.

ಹಳೇಫ್ಲಾಪಿ:
ಬರೆದದ್ದು ಪಾಸ್ಕಲ್ ಭಾಷೆಯಲ್ಲಿ, 48 ಕೆಬಿ ಮೆಮೊರಿಗೆ. ಪ್ರತಿ ಬಾಗಿಲಿಗೂ ಡ್ರೈವ್ ಕರಕರ ಅಂತ ಓದುತ್ತೆ, ಆ ತಡ ಬೇಡ ಅಂದ್ರೆ ಎಮ್ಯುಲೇಟರಿನ ವೇಗ ಏರಿಸಿ. ಆಗ ಜಗಳದ ಸಂದೇಶಗಳು ಓದೋಕೆ ಮುಂಚೆ ಓಡಿಹೋಗ್ತವೆ, ನೆಲಮಾಳಿಗೆಯಲ್ಲಿ ಟಿ ಒತ್ತಿ ಸಂದೇಶದ ತಡವನ್ನು ಹೆಚ್ಚಿಸಿಕೊಳ್ಳಿ.

ಬೆಳವಲ:
ಜಪಾನಿನ ಸುದ್ದಿ ಬಿಟ್ರಲ್ರಿ. ಅಮೆರಿಕದಾಗ 2001ರ ಎಂಟನೇ ಭಾಗಕ್ಕ ಮೂಲ ಸರಣಿ ನಿಂತ್ತು, ಜಪಾನದಾಗ ಇನ್ನೂ ಹೊಸಾವು ಬರ್ತಾವ. 1986ರ ಡ್ರ್ಯಾಗನ್ ಕ್ವೆಸ್ಟ್ ಹುಟ್ಟಿದ್ದು ವಿಜರ್ಡ್ರಿ ಮತ್ತ ಅಲ್ಟಿಮಾ ಎರಡರ ನೆರಳಿನಾಗ. ಆಪಲ್ 2 ಒಗ್ಗದಿದ್ರ 1999ರ ಸೂಪರ್ ಫ್ಯಾಮಿಕಾಮ್ (ನಿಂಟೆಂಡೊ ಗೇಮ್ ಯಂತ್ರ) ಆವೃತ್ತಿ ನೋಡ್ರಿ, ಮೊದಲ ಮೂರೂ ಭಾಗ ಒಂದರಾಗ ಅದಾವ, ಒಳಗ ಇಂಗ್ಲಿಷ್ ಅಕ್ಷರಕ್ಕ ಬದಲಿಸೂ ಆಯ್ಕೆನೂ ಐತಿ.

ಮೆಟ್ಟಿಲಿಳಿದವ:
ಮೇಜ್ ಲೆವೆಲ್ 3, ಪ್ರೀಸ್ಟ್ ಲೆವೆಲ್ 3. ಈಗ ಬಲೆ ಒಡ್ಡಿರೋ ನಿಧಿಯ ಪೆಟ್ಟಿಗೆಗಳು. ಕಳ್ಳ "ವಿಷದ ಸೂಜಿ" ಅಂದ, ಅದನ್ನೇ ಬಿಚ್ಚೋಕೆ ಹೋದಾಗ ಗ್ಯಾಸ್ ಬಾಂಬ್ ಸಿಡೀತು. ಐದು ಜನಕ್ಕೆ ವಿಷ. ಮೆಟ್ಟಿಲಿಗೆ ಇನ್ನೂ 14 ಹೆಜ್ಜೆ ಇದೆ. ಏನು ಮಾಡೋದು?

ನಕ್ಷೆಗಾರ:
ಈಗ ಹೆಜ್ಜೆ ಇಡಬೇಡಿ. ವಿಷ ಹೆಜ್ಜೆ ಹೆಜ್ಜೆಗೂ ಪ್ರಾಣದ ಅಂಕ ತಿನ್ನಬಹುದು. ಕ್ಯಾಂಪ್ ಹಾಕಿ, ಪ್ರೀಸ್ಟ್‌ನ ಒಂದನೇ ವರ್ಗದ ಶಕ್ತಿಯನ್ನೆಲ್ಲ ಡಿಯೋಸ್‌ಗೆ ಸುರೀರಿ, ಯಾರ ಅಂಕ ಅತಿ ಕಡಿಮೆಯೋ ಅವರಿಗೆ ಮೊದಲು. ಆಮೇಲೆ ಹೊಸ ಬಾಗಿಲು ಯಾವುದನ್ನೂ ಮುಟ್ಟದೆ ಬಂದ ದಾರಿಯಲ್ಲೇ ವಾಪಸ್. ವಿಷ ಇಳಿಸೋ ಲಾಟುಮೋಫಿಸ್ ನಾಲ್ಕನೇ ವರ್ಗದ ಮಂತ್ರ, ನಿಮ್ಮ ಪ್ರೀಸ್ಟ್‌ಗೆ ಅದು ಬಹಳ ದೂರ. ಊರಿಗೆ ಮುಟ್ಟಿದ್ರೆ ವಿಷ ತಾನೇ ಇಳಿಯುತ್ತೆ. ಮುಂದಿನ ಸಲಕ್ಕೆ ಬೋಲ್ಟ್ಯಾಕ್ ಹತ್ರ ಅದರ ಔಷಧಿ ಸಿಗುತ್ತೆ, ಒಂದಕ್ಕೆ 300. ಒಂದಾದ್ರೂ ಪ್ರೀಸ್ಟ್ ಚೀಲದಲ್ಲಿ ಇರಲಿ.

ಕಡ್ಲೆಪುರಿ:
ಪೆಟ್ಟಿಗೆಗೆ ಕಳ್ಳನ ಮಾತು ಒಂದನ್ನೇ ನಂಬಬಾರದು. ಕಳ್ಳ ಸರಿಯಾಗಿ ಗುರುತಿಸೋ ಸಾಧ್ಯತೆ ಅವನ ಅಜಿಲಿಟಿಯ ಆರು ಪಟ್ಟು: ಅಜಿಲಿಟಿ 11 ಆದ್ರೆ ನೂರಕ್ಕೆ 66. ಪ್ರೀಸ್ಟ್ ಲೆವೆಲ್ 3ಕ್ಕೆ ಎರಡನೇ ವರ್ಗ ತೆರೆಯುತ್ತೆ, ಅದರಲ್ಲಿ ಬಲೆ ಗುರುತಿಸೋ ಮಂತ್ರ ಕಾಲ್ಫೋ ಸಿಕ್ಕಿದ್ಯಾ ನೋಡಿ. ಅದು ನೂರಕ್ಕೆ 95 ಸರಿ ಹೇಳುತ್ತೆ. ಕ್ರಮ ಹೀಗಿರಲಿ: ಮೊದಲು ಕಾಲ್ಫೋ, ಆಮೇಲೆ ಕಳ್ಳನ ತಪಾಸಣೆ, ಎರಡೂ ಒಂದೇ ಹೆಸರು ಹೇಳಿದ್ರೆ ಮಾತ್ರ ಬಿಚ್ಚೋದು. ಹೆಸರನ್ನು ನೀವೇ ಟೈಪ್ ಮಾಡಬೇಕು, ಒಂದಕ್ಷರ ತಪ್ಪಿದ್ರೂ ಬಲೆ ಸಿಡಿಯುತ್ತೆ. ಎರಡು ಬೇರೆ ಬೇರೆ ಹೇಳಿದ್ರೆ ಪೆಟ್ಟಿಗೆ ಬಿಟ್ಟು ನಡೀರಿ.

ತುಂಗಾತೀರ:
ಟೆಲಿಪೋರ್ಟರ್ ಅಂತ ಹೇಳಿದ ಪೆಟ್ಟಿಗೆಯನ್ನಂತೂ ಈ ಲೆವೆಲಲ್ಲಿ ಮುಟ್ಟಲೇಬೇಡಿ. ಅಂತಸ್ತಿನ ಯಾವ ಮೂಲೆಗಾದ್ರೂ ಎಸೆಯುತ್ತೆ, ನಿಮ್ಮ ಹತ್ರ ಡ್ಯೂಮಾಪಿಕ್ ಇಲ್ಲದಿದ್ರೆ ನಕ್ಷೆ ಇದ್ದೂ ಇಲ್ಲದ ಹಾಗೆ.

ಮೆಟ್ಟಿಲಿಳಿದವ:
ನಾಲ್ವರು ಮೆಟ್ಟಿಲು ಮುಟ್ಟಿದ್ರು. ಕಳ್ಳ ಮತ್ತು ಒಬ್ಬ ಫೈಟರ್ ದಾರಿಯಲ್ಲೇ ಹೋದ್ರು, ಹೆಣ ಪಾರ್ಟಿ ಜೊತೆಗೇ ಬಂದಿದೆ. ಕೈಲಿ 1,100 ಚಿನ್ನ. ಇಬ್ಬರೂ ಲೆವೆಲ್ 3. ಇಬ್ಬರನ್ನೂ ಎಬ್ಬಿಸೋಕಾಗಲ್ಲ.

ಕರಾವಳಿ_ಕೀಬೋರ್ಡ್:
ಒಬ್ಬನಿಗೆ 750. ಫೈಟರನ ವೈಟಾಲಿಟಿ 16 ಅಲ್ಲವಾ, ಎದ್ದು ಬರುವ ಸಾಧ್ಯತೆ ಅವನಿಗೇ ಹೆಚ್ಚು. ಅವನನ್ನು ಎಬ್ಬಿಸಿ. ಕಳ್ಳನನ್ನು ದೇವಾಲಯದಲ್ಲೇ ಇರಲು ಬಿಡಿ, ಹೆಣ ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ. ಉಳಿದ 350ರಲ್ಲಿ ಹೊಸ ಹಾಬಿಟ್ ಕಳ್ಳನಿಗೆ ಚರ್ಮದ ಕವಚ, ಗುರಾಣಿ ಕೊಟ್ಟು ಕೆಳಗಿಳಿಯಿರಿ. ಈ ಸಲ ಹೆಚ್ಚುವರಿ ಅಂಕವನ್ನೆಲ್ಲ ಅಜಿಲಿಟಿಗೇ ಹಾಕಿ. 16 ಮುಟ್ಟಿದರೆ ಆ ಆರು ಪಟ್ಟಿನ ಲೆಕ್ಕ 95ಕ್ಕೆ ಬಂದು ನಿಲ್ಲುತ್ತದೆ.